ಈರಪ್ಪ ಮಾಮಾನ ಒಂಬತ್ತು ಮುಖಗಳು

ರೋಣ: ಊರು ಹೇಳುವ ಕತೆ

ರೋಣದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಈಗ ಓಡಾಡುತ್ತಿರುವ ಕತೆ ಇದು: ಫೋಟೋ ಸ್ಟುಡಿಯೋದ ಈರಪ್ಪ ಪೋರ್ಚುಗಲ್ ದೇಶಕ್ಕೆ ಹೋದ, ಅಲ್ಲಿ ಪಾಪ್ ಆರ್ಟ್ ಅನ್ನುವ ವಿದ್ಯೆ ಕಲಿತ, ಇಷ್ಟು ವರ್ಷ ಕ್ಯಾಮೆರಾದ ಹಿಂದೆ ಅಡಗಿದ್ದವನು ತನ್ನದೇ ಮುಖವನ್ನು ಬಣ್ಣಬಣ್ಣವಾಗಿ ಅಚ್ಚು ಹಾಕಿ, ಧೈರ್ಯ ತುಂಬಿಕೊಂಡು ಊರಿಗೆ ಮರಳಿದ. ಈ ಕತೆಗೆ ಒಂದು ಸತ್ಕಾರವೂ ಆಯಿತು. ಪರದೇಶದ ಗಾಳಿ ಮನುಷ್ಯನನ್ನು ಹೇಗೆ ಬದಲಿಸುತ್ತದೆ ಎಂದು ಹಿರಿಯರೊಬ್ಬರು ಬಹಳ ಹೊತ್ತು ವಿವರಿಸಿದರು.

ನಾನು ವಿರೋಧ ಪಕ್ಷ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅದೇ ಪಕ್ಷ ಹಿಡಿದು ಢಾಲು ಗೆದ್ದವಳು, ಈಗ ಬಿಡುವುದು ಕಷ್ಟ. ಅಲ್ಲದೆ ಪೋರ್ಚುಗಲ್ಲಿನಲ್ಲಿ ಮಾಮಾನ ಪಕ್ಕದಲ್ಲಿ ಇದ್ದವಳು ನಾನೊಬ್ಬಳೇ. ಅವರು ಅಲ್ಲಿ ಕಲಿತದ್ದಕ್ಕಿಂತ ಕೆಡಿಸಿದ್ದು ಹೆಚ್ಚು. ಇನ್ನು ಬದಲಾದ ವಿಷಯ ಅನ್ನುವಿರಾದರೆ, ಆ ಸತ್ಕಾರದ ಫೋಟೋ ನೋಡಿ. ಶಾಲು ಹಿಡಿದವರಿದ್ದಾರೆ, ಹಾರ ಹಿಡಿದವರಿದ್ದಾರೆ, ನಡುವೆ ಒಂದು ಖಾಲಿ ಕುರ್ಚಿ ಇದೆ. ಫೋಟೋ ತೆಗೆದದ್ದು ಮಾಮಾ.

ಈರಪ್ಪ ಮಾಮಾ ನಮ್ಮವ್ವನ ತಮ್ಮ. ನಮ್ಮ ಮನೆ ನರಗುಂದದಲ್ಲಿ, ಅವರದು ರೋಣದಲ್ಲಿ. ಸುತ್ತಲಿನ ಅರ್ಧ ಜನರ ಗುರುತಿನ ಚೀಟಿಯ ಮುಖ ತೆಗೆದವರು ಅವರೇ. ಅವರ ಸ್ವಂತ ಮುಖದ ಮೇಲೆ, ಬಾಯಿಯ ಸುತ್ತ ಮತ್ತು ಬಲಗಣ್ಣಿನ ಕೆಳಗೆ, ಬಿಳಿ ಮಚ್ಚೆಗಳಿವೆ. ತೊನ್ನು. ನೋಯುವುದಿಲ್ಲ, ಅಂಟುವುದಿಲ್ಲ, ಯಾರಿಗೂ ಏನೂ ಮಾಡುವುದಿಲ್ಲ. ಮದುವೆಯ ಮಾತುಕತೆ ಬಂದಾಗ ಮಾತ್ರ ಅದಕ್ಕೆ ಬಾಯಿ ಬರುತ್ತದೆ. ಅದು ಕಾಣಿಸಿಕೊಂಡಾಗಿನಿಂದ ಮಾಮಾ ಯಾವ ಫೋಟೋದಲ್ಲೂ ಇಲ್ಲ.

ಅವರ ಮಗಳು ವಿದ್ಯಾಳಿಗೆ ಗಜೇಂದ್ರಗಡದ ಅರಿವೆ ವ್ಯಾಪಾರಿಗಳ ಮನೆಯ ಸಂಬಂಧ ಗಟ್ಟಿಯಾಗಿದೆ. ಬೀಗರು ಮಾಮಾನನ್ನು ನೋಡಿದ್ದಾರೆ, ಒಪ್ಪಿದ್ದಾರೆ. ಆದರೂ ಮಾಮಾ ಸಾರಿಬಿಟ್ಟಿದ್ದಾರೆ: ಮದುವೆಯ ಫೋಟೋ ತಾನೇ ತೆಗೆಯುವುದು, ಮತ್ತೊಬ್ಬರನ್ನು ಕರೆಸುವಂತಿಲ್ಲ.

"ಫೋಟೋ ತೆಗಿಯಾಂವ ಫೋಟೋದಾಗ ಇರೂದಿಲ್ಲ," ಅಂದಳು ವಿದ್ಯಾ. "ಆಲ್ಬಮ್ ನೋಡಿದ ಮಂದಿ ಏನೂ ಕೇಳೂದಿಲ್ಲ. ನಮ್ಮಪ್ಪನ ಲೆಕ್ಕಾ ಇಷ್ಟ. ಆದ್ರ ಅಪ್ಪ ಇಲ್ಲದ ಆಲ್ಬಮ್ ನಾ ಮುಟ್ಟೂದಿಲ್ಲ. ನೀ ಊರ ಮಂದಿ ಜೋಡಿ ವಾದಾ ಮಾಡ್ತೀಯಲ್ಲ ಗಿರಿಜಾ, ನಮ್ಮಪ್ಪ ಒಬ್ಬಾಂವನ್ನ ಒಪ್ಪಿಸಿ ತೋರಿಸು."

ಆ ಹೊತ್ತಿಗೆ ನನ್ನ ಕಣ್ಣಿಗೆ ಬಿದ್ದದ್ದು ಪೋರ್ಟೊ ನಗರದ ಒಂದು ಅಚ್ಚುಮನೆಯ ಕರೆ. ಪಾಪ್ ಆರ್ಟ್ ಶೈಲಿಯಲ್ಲಿ ತನ್ನ ಮುಖವನ್ನು ತಾನೇ ಮಾಡಿಕೊಳ್ಳುವ ಶಿಬಿರ, ಬೇರೆ ಬೇರೆ ದೇಶದವರಿಗೆ, ಹೋಗಿಬರುವ ಖರ್ಚು ಅಚ್ಚುಮನೆಯವರದೇ. ಗೊತ್ತಿರದವರಿಗೆ ಎರಡು ಮಾತು: ಅಂಗಡಿಯ ಡಬ್ಬಿ, ಜಾಹೀರಾತು, ನಟಿಯ ಮುಖ, ಇಂಥ ದಿನಬಳಕೆಯ ಚಿತ್ರಗಳನ್ನು ಎತ್ತಿಕೊಂಡು, ನೆರಳು ಬೆಳಕಿನ ನಾಜೂಕನ್ನೆಲ್ಲ ಕಿತ್ತುಹಾಕಿ, ಗಾಢ ಬಣ್ಣದಲ್ಲಿ ಒಂದನ್ನೇ ಮತ್ತೆ ಮತ್ತೆ ಅಚ್ಚು ಹಾಕಿದರೆ ಅದು ಪಾಪ್ ಆರ್ಟ್. ನಾನು ಮಾಮಾನ ಹೆಸರಿನಲ್ಲಿ ಅರ್ಜಿ ಬರೆದೆ. ವಾದ ಸರಳವಾಗಿತ್ತು. ಒಂದೇ ಹಾಳೆಯ ಮೇಲೆ ಒಂದೇ ಮುಖವನ್ನು ಸಾಲಾಗಿ ಅಚ್ಚು ಹಾಕುವ ಕೆಲಸವನ್ನು ರೋಣದ ಈ ಮನುಷ್ಯ ದಿನಾ ಮಾಡುತ್ತಾರೆ. ಅದಕ್ಕೆ ನೀವು ಪಾಸ್‌ಪೋರ್ಟ್ ಫೋಟೋ ಅನ್ನುತ್ತೀರಿ. ಪಾಪ್ ಆರ್ಟ್ ಅನ್ನಲು ಏನಡ್ಡಿ? ಅವರಿಗೆ ಅಡ್ಡಿ ಕಾಣಲಿಲ್ಲ. ಮಾಮಾನ ಮಾತು ತಿರುಗಿಸಿ ಹೇಳಲೆಂದು ನನಗೂ ಒಂದು ಜಾಗ ಕೊಟ್ಟರು. ಮಾಮಾ ಯಾಕೆ ಒಪ್ಪಿದರು ಎಂದರೆ, ವಿಮಾನದ ಕಿಟಕಿಯಿಂದ ಮೋಡದ ಫೋಟೋ ತೆಗೆಯಬೇಕೆಂಬ ಆಸೆ ಅವರಿಗೆ ಮೊದಲಿನಿಂದ ಇತ್ತು. ತನ್ನ ಮುಖದ ಸಂಗತಿಯನ್ನು ಅಲ್ಲಿ ಹೋದಮೇಲೆ ನೋಡಿಕೊಂಡರಾಯಿತು ಅಂದುಕೊಂಡಿರಬೇಕು.

ಮುಂಬೈ ವಿಮಾನ ನಿಲ್ದಾಣ: ಇಡೀ ಸೀಮೆಯ ಕೋಟು

"ನಿಮ್ಮನ್ನು ನೀವೆಂದು ತೋರಿಸುವ ಒಂದು ವಸ್ತು ತನ್ನಿ" ಎಂದು ಶಿಬಿರದವರು ತಿಳಿಸಿದ್ದರು. ತಪಾಸಣೆಯವರು ಮಾಮಾನ ಚೀಲ ಬಿಚ್ಚಿದಾಗ ಆ ವಸ್ತು ಹೊರಗೆ ಬಂತು. ಸ್ಟುಡಿಯೋದ ಮೊಳೆಗೆ ತೂಗಾಡುತ್ತಿದ್ದ ಕರಿ ಕೋಟು. ಗುರುತಿನ ಚೀಟಿಗೆ ಫೋಟೋ ತೆಗೆಸಲು ಬಂದವರೆಲ್ಲ ಹಾಕಿಕೊಳ್ಳುವುದು ಅದನ್ನೇ. ಯಾರ ಮೈಗೂ ಆಗಲೆಂದು ಬೆನ್ನು ಸೀಳಿ ಎರಡು ಲಾಡಿ ಹಚ್ಚಲಾಗಿದೆ. ಕೊರಳಿಗೆ ಕೆಂಪು ಟೈ ಖಾಯಂ ಹೊಲಿದಿದೆ.

ತಪಾಸಣೆಯ ಅಧಿಕಾರಿ ಆ ಸೀಳಿನೊಳಗೆ ಕೈ ಹಾಕಿ ಏನಾದರೂ ಬಚ್ಚಿಟ್ಟಿದೆಯೇ ಎಂದು ತಡಕಿದರು. ಏನೂ ಸಿಗಲಿಲ್ಲ. ಹಿಂಭಾಗ ಯಾಕೆ ಹೀಗೆ ಎಂದು ಕೇಳಿದರು.

"ನಾವು ಮುಂದಿಂದ ಅಷ್ಟ ಫೋಟೋ ತೆಗಿಯೂದ್ರಿ ಸಾಹೇಬ್ರ," ಅಂದರು ಮಾಮಾ ಕನ್ನಡದಲ್ಲೇ. ಅಧಿಕಾರಿ ಕೋಟು ಮಡಿಚಿ ವಾಪಸು ಕೊಟ್ಟರು.

"ಇದು ನಿಮ್ಮದಲ್ಲಲ್ರೀ ಮಾಮಾ," ಅಂದೆ. "ಒಂದಿನಾನೂ ನೀವು ಇದನ್ನ ಹಾಕ್ಕೊಂಡಿಲ್ಲ."

"ನನ್ನ ಅಂಗಡ್ಯಾಗ ಐತಿ. ನಂದಲ್ಲದ ಮತ್ತ ಯಾರ್ದು?"

"ಹಾಕ್ಕೊಂಡವ್ರದು."

"ಹಂಗಾದ್ರ ಇದು ಇಡೀ ಸೀಮಿದು. ಶಿರೋಳದಾಂವ ಹಾಕ್ಕೊಂಡಾನ, ಕೊಣ್ಣೂರಾಂವ ಹಾಕ್ಕೊಂಡಾನ, ಹೊಳಿಆಲೂರ ಮಾಸ್ತರು ಹಾಕ್ಕೊಂಡಾರ. ಅವ್ರೆಲ್ಲಾರ ಪರವಾಗಿ ನಾ ಒಯ್ಯಾಕತ್ತೇನಿ. ನಿನ್ನ ಟೈಮ್ ಮುಗೀತು, ಬೆಲ್ ಹೊಡದ್ರು, ಕುಂದ್ರು."

ಪೋರ್ಟೊ: ಚಾವಿ, ಬಟಾಟಿ, ಮೆಣಸಿನಕಾಯಿ

ನಾವಿಳಿದ ಮನೆಯ ಒಡತಿ ಬೀಗದ ಕೈಯನ್ನು ಮುಂದೆ ಹಿಡಿದು "ಶಾವ್" ಅಂದಳು. ಮಾಮಾ ನನ್ನ ಕಡೆ ತಿರುಗಿದರು. "ಚಾವಿ ಅನ್ನಾಕತ್ತಾಳ. ಈಕಿಗಿ ಕನ್ನಡ ಬರತೈತಿ." ಸಂಜೆ ಊಟದಂಗಡಿಯ ಫಲಕದ ಮೇಲೆ ಆಲೂಗಡ್ಡೆಗೆ "ಬಟಾಟ" ಎಂದು ಬರೆದದ್ದು ಸಿಕ್ಕಿತು. ಬಟಾಟಿ ಸಿಕ್ಕಮೇಲೆ ಮಾಮಾನಿಗೆ ಅನುಮಾನವೇ ಉಳಿಯಲಿಲ್ಲ: ಈ ಮಂದಿ ನಮ್ಮ ಮಾತು ಕದ್ದಿದ್ದಾರೆ. ಕದ್ದವರು ನಾವು, ಅಥವಾ ಅವರೇ ನಮ್ಮ ಕರಾವಳಿಗೆ ಹಡಗಿನಲ್ಲಿ ತಂದು ಬಿಟ್ಟುಹೋದರು ಎಂದು ನಾನು ವಾದಿಸಿದೆ. ಮೆಣಸಿನಕಾಯಿಯನ್ನೂ ನಮಗೆ ತಂದುಕೊಟ್ಟವರು ಇವರೇ ಎಂದು ಬಾಯಿತಪ್ಪಿ ಹೇಳಿದ್ದು ತಪ್ಪಾಯಿತು. ಮಾಮಾ ತಟ್ಟೆಯಲ್ಲಿದ್ದ ಸಪ್ಪೆ ಬಟಾಟಿಯನ್ನು ನೋಡಿ, "ನಮಗ ಕೊಟ್ಟ ಮ್ಯಾಲ ಇವ್ರ ಕಡೆ ಒಂದೂ ಉಳೀಲಿಲ್ಲ ಕಾಣಸ್ತೈತಿ, ಪಾಪ," ಅಂದರು.

ಆಮೇಲೆ ಹಸಿರು ಸೊಪ್ಪಿನ ಸಾರು ತರಿಸಿದೆವು. ಸೊಪ್ಪು, ಬಟಾಟಿ, ಮತ್ತೇನೂ ಇಲ್ಲ ಎಂದು ನಾನು ಖಾತ್ರಿ ಕೊಟ್ಟಿದ್ದೆ. ಅರ್ಧ ಇಳಿದಮೇಲೆ ಬಟ್ಟಲಿನ ತಳದಲ್ಲಿ ಕೆಂಪಗೆ, ದುಂಡಗೆ ಒಂದು ತುಣುಕು ಮಾಮಾನನ್ನು ನೋಡುತ್ತಿತ್ತು. ಹಂದಿಯದು. ಮಾಮಾ ಚಮಚ ಕೆಳಗಿಟ್ಟು, ಬಾಯಿ ಮುಕ್ಕಳಿಸಿ ಬಂದರು. ಮರುದಿನದಿಂದ ಊರಿಂದ ತಂದ ಒಣ ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯ ಮೇಲೆ ಬದುಕಿದರು. ನನ್ನ ಖಾತ್ರಿಗೆ ಆ ಪ್ರವಾಸದಲ್ಲಿ ಮತ್ತೆ ಬೆಲೆ ಬರಲಿಲ್ಲ.

ಈ ಊರಿನಲ್ಲಿ ರಸ್ತೆಯೆಲ್ಲ ಏರು ಇಲ್ಲವೇ ಇಳಿವು. ಒಗೆದ ಬಟ್ಟೆಗಳನ್ನು ಕಿಟಕಿಯಿಂದ ಬೀದಿಯ ಮೇಲೇ ಹರವುತ್ತಾರೆ, ಕೆಳಗೆ ಹೋಗುವವರ ತಲೆಯ ಮೇಲೆ ನೀರು ತೊಟ್ಟಿಕ್ಕುತ್ತದೆ, ಯಾರೂ ಮೇಲೆ ನೋಡಿ ಬಯ್ಯುವುದಿಲ್ಲ. ಪರಿಚಯವಾದ ಕೂಡಲೇ ಎರಡೂ ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ. ಅಚ್ಚುಮನೆಯ ಒಡತಿ ತೆರೇಜಾ ಹಾಗೆ ಮುಂದೆ ಬಾಗಿದಾಗ ಮಾಮಾ ಎರಡು ಹೆಜ್ಜೆ ಹಿಂದೆ ಸರಿದರು. "ಅಷ್ಟ ಸಮೀಪ ಬಂದ್ರ ಫೋಕಸ್ ಆಗೂದಿಲ್ರಿ," ಅಂದರು. ನಾನು ಅದನ್ನು "ಸಂತೋಷವಾಯಿತು" ಎಂದು ತಿರುಗಿಸಿದೆ. ತೆರೇಜಾ ಬಿಡಲಿಲ್ಲ, ಹಿಡಿದು ಕೆನ್ನೆ ತಾಗಿಸಿಯೇ ಬಿಟ್ಟರು, ಮಚ್ಚೆಯಿದ್ದ ಕಡೆಗೇ. ನಮ್ಮೂರಿನಲ್ಲಿ ಮಾಮಾನ ಕೈಯಿಂದ ನೀರಿನ ಲೋಟ ಇಸಿದುಕೊಳ್ಳಲೂ ಒಂದು ಕ್ಷಣ ತಡೆಯುವವರಿದ್ದಾರೆ.

ಅಚ್ಚುಮನೆ: ಕುರ್ಚಿಯ ಮೇಲೆ ಕೂತ ಕೋಟು

ಅಚ್ಚುಮನೆ ಇರುವುದು ನದಿಯ ದಂಡೆಯ ಒಂದು ಹಳೇ ಗೋದಾಮಿನಲ್ಲಿ. ತೆರೇಜಾ ಅರವತ್ತು ದಾಟಿದ ಗಟ್ಟಿ ಹೆಂಗಸು. ಉಗುರಿನ ಸಂದಿಯಲ್ಲಿ ಸದಾ ನೀಲಿ ಬಣ್ಣ, ಮೇಲ್ದುಟಿಯಿಂದ ಮೂಗಿನತನಕ ಒಂದು ಹಳೇ ಗಾಯದ ಗೆರೆ. ಅವರು ನಿಧಾನದ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಮಾಮಾನಿಗೆ ಹೇಳಬೇಕು. ಪಾಪ್ ಆರ್ಟ್ ಎಲ್ಲರ ಮನೆಗೂ ಹೋಗಲೆಂದು ಹುಟ್ಟಿದ ಶೈಲಿ ಎಂದು ಶುರುಮಾಡಿದರು.

ಕೆಲಸದ ರೀತಿ ಹೀಗೆ. ಮೊದಲು ಮುಖದ ಫೋಟೋ. ಅದರ ಬಣ್ಣ ತೆಗೆದು, ನಡುವಿನ ಬೂದು ಛಾಯೆಗಳನ್ನೂ ತೆಗೆದು, ಬರೀ ಕಪ್ಪು ಮತ್ತು ಬಿಳುಪು ಉಳಿಸಿ ಪಾರದರ್ಶಕ ಹಾಳೆಗೆ ಇಳಿಸುವುದು. ಚೌಕಟ್ಟಿಗೆ ಬಿಗಿದ ತೆಳು ಜಾಳಿಗೆಗೆ, ಬೆಳಕು ತಾಗಿದರೆ ಗಟ್ಟಿಯಾಗುವ ಒಂದು ಲೇಪ ಹಚ್ಚಿರುತ್ತಾರೆ. ಮೇಲೆ ಆ ಹಾಳೆ ಇಟ್ಟು ಬೆಳಕಿಗೆ ಒಡ್ಡಿದರೆ, ಕಪ್ಪಿನ ಕೆಳಗಿನ ಲೇಪ ಮಾತ್ರ ಗಟ್ಟಿಯಾಗದೆ ನೀರಿಗೆ ತೊಳೆದುಹೋಗುತ್ತದೆ. ಆ ಕಿಂಡಿಗಳ ಮೂಲಕ ಬಣ್ಣವನ್ನು ರಬ್ಬರಿನ ಪಟ್ಟಿಯಿಂದ ಎಳೆದರೆ ಕೆಳಗಿನ ಕಾಗದಕ್ಕೆ ಮುಖ ಇಳಿಯುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಜಾಳಿಗೆ. ಮೊದಲು ಸಪಾಟು ಬಣ್ಣಗಳು, ಎಲ್ಲಕ್ಕೂ ಮೇಲೆ ಕೊನೆಗೆ ಕಪ್ಪು.

"ಲಗ್ನಪತ್ರಿಕಿ ಅಚ್ಚ ಹಾಕಿದಂಗ ಆತು," ಅಂದರು ಮಾಮಾ. "ಇದನ್ನ ಹೇಳಾಕ ಇಷ್ಟ ದೂರ ಕರಸ್ಯಾರ?"

ಇಬ್ಬಿಬ್ಬರು ಜೊತೆಯಾಗಿ ಒಬ್ಬರ ಫೋಟೋ ಇನ್ನೊಬ್ಬರು ತೆಗೆಯಿರಿ ಎಂದರು ತೆರೇಜಾ. ಮಾಮಾ ಯಾರಿಗೂ ಅವಕಾಶ ಕೊಡಲಿಲ್ಲ. ಕಿಟಕಿಯ ಪಕ್ಕ ಒಂದು ಸ್ಟೂಲು ಹಾಕಿದರು, ಬಂದವರಿಗೆಲ್ಲ, ತೆರೇಜಾರಿಗೂ, ಕೋಟು ತೊಡಿಸಿ ಹಿಂದೆ ಲಾಡಿ ಕಟ್ಟಿದರು. "ಗದ್ದಾ ಕೆಳಗ. ಹಲ್ಲ ಬ್ಯಾಡ. ಕುತಗಿ ಸೀದಾ." ಯಾವ ಭಾಷೆಯವರಿಗೂ ತಿರುಗಿಸಿ ಹೇಳುವ ಅಗತ್ಯ ಬೀಳಲಿಲ್ಲ. ಪೋಲೆಂಡಿನ ಮಾರೆಕ್ ಎಂಬ ಉದ್ದನೆಯ ಹುಡುಗನ ಮುಂಗೈಗಳು ಕೋಟಿನ ತೋಳಿನಿಂದ ಒಂದು ಗೇಣು ಹೊರಗಿದ್ದವು. ಅವನು ತಮಾಷೆಗೆಂದು ಒಂದು ಕಣ್ಣು ಮುಚ್ಚಿ ಕೂತ. ಮಾಮಾ ಕಾದರು. ಅವನು ತೆರೆಯಲಿಲ್ಲ. ಮಾಮಾ ನಿಟ್ಟುಸಿರಿಟ್ಟು ಗುಂಡಿ ಒತ್ತಿದರು.

ಕೊನೆಗೆ ಎಲ್ಲರ ಫೋಟೋ ಇತ್ತು, ಮಾಮಾನದಿರಲಿಲ್ಲ. ತೆರೇಜಾ ಕೇಳಿದಾಗ ಮಾಮಾ ಕೋಟನ್ನು ಒಂದು ಕುರ್ಚಿಗೆ ತೊಡಿಸಿ, ಟೈ ಸರಿಮಾಡಿ, ಅದರ ಫೋಟೋ ತೆಗೆದು ಕೊಟ್ಟರು. ಮುಖವಿಲ್ಲದ ಕೋಟು.

ತೆರೇಜಾ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಮಾಡಿದವರ ಬಗ್ಗೆ ಇದು ಎಲ್ಲವನ್ನೂ ಹೇಳುತ್ತದೆ," ಅಂದರು.

"ಏನನ್ನೂ ಹೇಳದಿರಲೆಂದೇ ಮಾಡಿದ್ದು," ಅಂದೆ.

"ಹೇಳದಿರುವುದೂ ಒಂದು ಹೇಳಿಕೆ."

"ಹಾಗಿದ್ದರೆ ಖಾಲಿ ಹಾಳೆಯನ್ನೇ ತೂಗುಹಾಕಿ. ಬಣ್ಣವಾದರೂ ಉಳಿಯುತ್ತದೆ."

ಮಾಮಾ ನಡುವೆ ಬಂದರು. "ಏನಂತಾರ ತೆರೇಜಾ ಬಾಯಾರು?"

"ನೀವು ದೊಡ್ಡ ಕಲಾವಿದರಂತ."

"ಹೌದಲ್ಲ. ನೀ ಏನಂದಿ?"

"ನೀವು ತಪ್ಪಿಸ್ಕೊಳ್ಳಾಕತ್ತೀರಿ ಅಂದೆ."

"ಎರಡೂ ಖರೇ ಇರಬಹುದು," ಅಂದು ಮಾಮಾ ಶೇಂಗಾದ ಪೊಟ್ಟಣ ಬಿಚ್ಚಿದರು.

ಕುರ್ಚಿಯ ಮೇಲೆ ಕೂತ ಕೋಟಿನ ಚಿತ್ರವನ್ನು ನಾನು ವಿದ್ಯಾಳಿಗೆ ಕಳಿಸಿದೆ. ಅವಳಿಂದ ಒಂದೇ ಸಾಲು ಬಂತು: "ಲಗ್ನದಾಗ ಇದನ್ನ ನನ್ನ ಮಗ್ಗಲ ನಿಂದ್ರಸ್ತಾರೇನು?" ಮಾಮಾನಿಗೆ ಓದಿ ಹೇಳಿದೆ. ಅವರು ಕೇಳಿಸದವರಂತೆ ಕ್ಯಾಮೆರಾದ ಗಾಜು ಒರೆಸಿದರು.

ಊಟದ ಬಿಡುವು: ಪುಕ್ಕಟೆ ಟಚಿಂಗ್

ಮರುದಿನ ಎಲ್ಲರೂ ಮೀನಿನ ಊಟಕ್ಕೆ ಹೋದಾಗ ಮಾಮಾ ರೊಟ್ಟಿ ಕಟ್ಟಿಕೊಂಡು ಅಚ್ಚುಮನೆಯಲ್ಲೇ ಉಳಿದರು. ಎಲ್ಲರ ಪಾರದರ್ಶಕ ಹಾಳೆಗಳೂ ಮೇಜಿನ ಮೇಲಿದ್ದವು, ಪಕ್ಕದಲ್ಲಿ ಕರಿ ಪೆನ್ನೂ ಬ್ಲೇಡೂ ಇದ್ದವು. ಮಾಮಾನಂಥವರನ್ನು ಹಾಗೆ ಒಬ್ಬರನ್ನೇ ಬಿಟ್ಟುಹೋಗಬಾರದಿತ್ತು.

ಎಲ್ಲರೂ ಊಟ ಮುಗಿಸಿ ಬಂದು, ಹಾಳೆಗಳನ್ನು ಜಾಳಿಗೆಗೆ ಇಳಿಸಿ, ಮೊದಲ ಅಚ್ಚು ಎಳೆದರು. ಕಾಗದದ ಮೇಲೆ ಮಾರೆಕ್ ಬಂದ. ಎರಡೂ ಕಣ್ಣು ಸ್ವಚ್ಛವಾಗಿ ತೆರೆದಿದ್ದವು. ಬ್ರೆಜಿಲ್ಲಿನ ಹೆಂಗಸಿನ ಹಣೆಯ ಗೆರೆಗಳೆಲ್ಲ ಮಾಯ. ಇನ್ನೊಬ್ಬರ ಗದ್ದದ ಕೆಳಗಿನ ಎರಡನೇ ಗದ್ದ ಹೋಗಿತ್ತು. ಕೊನೆಗೆ ತೆರೇಜಾ ಬಂದರು, ತುಟಿಯ ಮೇಲಿನ ಗಾಯದ ಗೆರೆಯಿಲ್ಲದೆ, ಬ್ಯಾಂಕಿನ ಪಾಸ್‌ಬುಕ್ಕಿಗೆ ತಯಾರಾದಂತೆ. ಮಾಮಾ ಕೈ ಹಿಂದೆ ಕಟ್ಟಿ, ಹೊಗಳಿಕೆಗೆ ಕಾದು ನಿಂತಿದ್ದರು.

"ನನ್ನ ಗೆರೆ ಎಲ್ಲಿ?" ಅಂದರು ತೆರೇಜಾ.

"ಟಚಿಂಗ್ ಮಾಡೇನ್ರಿ," ಅಂದರು ಮಾಮಾ. "ಎಲ್ಲಾರದೂ ಮಾಡೇನಿ. ಪುಕ್ಕಟೆ. ಈ ಹುಡುಗಂದು ಕಣ್ಣ ತಗದೇನಿ, ಮುಚ್ಚಿದ ಕಣ್ಣಿನ ಫೋಟೋ ಯಾವ ಆಫೀಸಿನ್ಯಾಗೂ ನಡಿಯೂದಿಲ್ಲ."

"ಇವರಿಗೆ ಯಾರು ಮಾಡಲು ಹೇಳಿದ್ದರು?"

ಮಾಮಾನಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಹೇಳಬೇಕೇನ? ಮಚ್ಚಿ ತಗೀರಿ, ಕಲಿ ಅಳಿಸ್ರಿ ಅಂತ ಬಾಯಿಬಿಟ್ಟ ಹೇಳಾಕ ಮಂದಿಗೆ ನಾಚಿಕಿ ಆಗತೈತಿ. ಅವ್ರು ಹೇಳೂದಕ್ಕ ಮೊದಲ ನಾವ ತಿಳಕೊಂಡ ತಗದ ಕೊಟ್ರ ಅದು ಮರ್ಯಾದಿ. ಅಂಗಡಿ ನಡೆಸಿದ್ದ ಹಂಗ."

ಇದನ್ನು ತಿರುಗಿಸುವಾಗ ನಾನು ನಿಂತು ನಿಂತು ಹೇಳಬೇಕಾಯಿತು. ಯಾಕೆಂದರೆ ಇದು ಒಳ್ಳೆಯ ವಾದ.

ತೆರೇಜಾ ವಾದಕ್ಕೆ ಇಳಿಯಲಿಲ್ಲ, ಒಂದು ಸಂಗತಿ ಹೇಳಿದರು. ಸಣ್ಣವರಿದ್ದಾಗ ಪಕ್ಕದ ಮನೆಯ ಅಂಜೂರದ ಹಣ್ಣು ಕದಿಯಲು ಗೋಡೆ ಹತ್ತಿ, ಬಾಯಿಯಲ್ಲಿ ಹಣ್ಣು ಕಚ್ಚಿಕೊಂಡೇ ಬಿದ್ದರಂತೆ. "ಹಣ್ಣು ನಾನು ತಿಂದೆ," ಅಂದರು. "ಗೆರೆ ನನ್ನದು. ತಿರುಗಿ ಹಾಕಿಕೊಡಿ."

ಮಾಮಾ ಅವರನ್ನು ಕಿಟಕಿಯ ಬೆಳಕಿಗೆ ಕೂಡಿಸಿದರು. ಚಷ್ಮಾ ಹಣೆಗೇರಿಸಿ, ಒಂದು ಗೇಣಿನ ದೂರದಿಂದ ಆ ಗೆರೆಯನ್ನು ನೋಡಿದರು. "ಮ್ಯಾಲ ಒಂಚೂರ ಡೊಂಕ ಐತಿ," ಅಂದರು. ಪೆನ್ನು ಹಿಡಿದ ಕೈ ಪಾರದರ್ಶಕ ಹಾಳೆಯ ಮೇಲೆ ಒಂದೆರಡು ಸಲ ಎದ್ದು ಕೂತಿತು. ಅಳಿಸುವುದು ಕೈಗೆ ರೂಢಿ, ಹಾಕುವುದಲ್ಲ. ಆಮೇಲೆ ಸಾಲುಹಿಡಿದು ಎಲ್ಲರೂ ತಮ್ಮ ತಮ್ಮ ಸುಕ್ಕು, ನರೂಲಿ, ಎರಡನೇ ಗದ್ದಗಳನ್ನು ವಾಪಸು ಕೇಳಿದರು. ಮಾರೆಕ್ ಒಬ್ಬ ಮಾತ್ರ ತೆರೆದ ಕಣ್ಣನ್ನೇ ಇಟ್ಟುಕೊಂಡ. ಅಮ್ಮನಿಗೆ ಇದೇ ಇಷ್ಟವಾಗುತ್ತದೆ ಅಂದ.

ಎಲ್ಲ ಮುಗಿದಮೇಲೆ ತೆರೇಜಾ ಕುರ್ಚಿಯ ಮೇಲಿನ ಕೋಟಿನ ಚಿತ್ರವನ್ನು ಮೇಜಿನ ಮೇಲಿಟ್ಟರು. "ಇದರಲ್ಲಿ ಟಚಿಂಗ್ ಸ್ವಲ್ಪ ಹೆಚ್ಚಾಯಿತು ಅನ್ನಿಸುವುದಿಲ್ಲವೇ?" ಅಂದರು. ನಾನು ಏನೂ ಸೇರಿಸದೆ, ಏನೂ ಕಳೆಯದೆ ತಿರುಗಿಸಿದೆ. ಮಾಮಾ ಪೆನ್ನಿನ ಮುಚ್ಚಳ ಹಾಕಿದರು.

ಅಚ್ಚುಮನೆಯ ಹೊರಗೆ: ಬಾಗಿಲು ಹಾಕಿದ ಮುಂಜಾನೆ

"ತನ್ನ ಚಿತ್ರಾ ತಾನ ತಗೊಳ್ಳೂದು ಅಂತ ನೀನ ಹೇಳೀದಿ," ಅಂದರು ಮಾಮಾ ಮರುದಿನ. "ಹಂಗಾದ್ರ ಮತ್ತೊಬ್ಬರು ಯಾಕ ಬೇಕ? ಎಲ್ಲಾರೂ ಹೊರಗ ನಡೀರಿ."

ಹೊರಗೆ ನಡೆದೆವು, ಒಡತಿಯೂ ಸೇರಿ. ಒಳಗಿಂದ ಅಗುಳಿ ಬಿತ್ತು. ಮೇಲಿನ ಮನೆಯ ಹಾಸಿಗೆ ಹೊದಿಕೆಯಿಂದ ನಮ್ಮ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ಅಲ್ಲಿಯ ರೂಢಿಯಂತೆ ಯಾರೂ ಸರಿಯಲಿಲ್ಲ. ಕ್ಯಾಮೆರಾದ ಟೈಮರ್ ಟಿಕ್ ಟಿಕ್ ಅನ್ನುವುದು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಒಳಗೆ ಮಾಮಾ ಒಬ್ಬರೇ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು: "ಗದ್ದಾ ಕೆಳಗ. ಕುತಗಿ ಸೀದಾ."

ಬಾಗಿಲು ತೆರೆದಾಗ ಮೈಮೇಲೆ ಕೋಟಿತ್ತು, ಹಿಂದಿನ ಲಾಡಿ ಕಟ್ಟಿರಲಿಲ್ಲ. ಒಬ್ಬರೇ ಕಟ್ಟಿಕೊಳ್ಳಲು ಬರುವಂಥದ್ದಲ್ಲ ಅದು.

ಆಮೇಲೆ ಆದದ್ದನ್ನು ಊರಿನ ಕತೆಯಲ್ಲಿ ಯಾರೂ ಹೇಳುವುದಿಲ್ಲ. ಫೋಟೋದ ಬೂದು ಛಾಯೆಗಳನ್ನೆಲ್ಲ ತೆಗೆದು ಕಪ್ಪು ಬಿಳುಪು ಮಾಡಿದಾಗ, ಬೆಳಕು ಬಿದ್ದ ಕೆನ್ನೆಯೂ ಬಿಳುಪಾಯಿತು, ಮಚ್ಚೆಯೂ ಬಿಳುಪಾಯಿತು, ಎರಡೂ ಕೂಡಿಕೊಂಡವು. ಪಾರದರ್ಶಕ ಹಾಳೆಯ ಮೇಲೆ ಬಂದದ್ದು ಮಚ್ಚೆಯೇ ಇಲ್ಲದ ಮಾಮಾ. ಯಾರೂ ಕೈ ಹಚ್ಚಿರಲಿಲ್ಲ, ಯಂತ್ರವೇ ಟಚಿಂಗ್ ಮಾಡಿತ್ತು. ಮದುವೆಯ ಆಲ್ಬಮ್ಮಿಗೆ ಬೇಕಾದ ಮುಖ ಅಲ್ಲಿತ್ತು.

ಮಾಮಾ ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹೋಲೂದಿಲ್ಲ," ಅಂದರು ಕೊನೆಗೆ. "ಗಿರಾಕಿ ಬಂದು ಇದು ನಂದಲ್ಲ ಅಂತಾನ."

ಕೈಗನ್ನಡಿ ತರಿಸಿ, ಅದರಲ್ಲಿ ನೋಡುತ್ತ, ಬಾಯಿಯ ಸುತ್ತ ಮತ್ತು ಕಣ್ಣಿನ ಕೆಳಗೆ ಕರಿ ಪೆನ್ನಿನಿಂದ ಮಚ್ಚೆಯ ಅಂಚು ಎಳೆದರು. ಬಣ್ಣ ಹಾಕುವಾಗ ಮಚ್ಚೆಯ ಜಾಗದಲ್ಲಿ ಕಾಗದದ ಬಿಳುಪನ್ನೇ ಬಿಡಿ ಎಂದು ನಾನು ವಾದಿಸಿದೆ. ಖರೇ ಇರಲಿ ಎಂದು ನನ್ನ ಲೆಕ್ಕ. "ಬಿಳಿ ಬ್ಯಾಡ. ಬಿಳಿ ದಿನಾ ನೋಡ್ತೇನಿ," ಅಂದು ಮಾಮಾ ಬಣ್ಣದ ಡಬ್ಬಿಗಳ ಕಡೆ ಹೋದರು. ಒಂದು ಹಾಳೆಯ ಮೇಲೆ ಒಂಬತ್ತು ಮುಖ. ಒಂದರಲ್ಲಿ ಮುಖ ಬದನೆಕಾಯಿ ಬಣ್ಣ, ಮಚ್ಚೆ ಚೆಂಡುಹೂವಿನ ಹಳದಿ. ಒಂದರಲ್ಲಿ ಗಿಳಿಹಸಿರು ಮುಖಕ್ಕೆ ಗುಲಾಲಿನ ಬಣ್ಣದ ಮಚ್ಚೆ. ಕೋಟಿನ ತುಂಬ ಸಾಲು ಚುಕ್ಕಿ. ನಡುವಿನ ಮುಖದಲ್ಲಿ ಬಣ್ಣಗಳನ್ನು ಅದಲುಬದಲು ಮಾಡಿ ಮುಖಕ್ಕೆ ಹಳದಿ, ಮಚ್ಚೆಗೆ ಬದನೆಕಾಯಿ ಬಣ್ಣ ಹಾಕಿದ್ದರು, ಅಲ್ಲಿ ಮುಖವೇ ಮಚ್ಚೆಯ ಮೇಲೆ ಬಿದ್ದ ಮಚ್ಚೆಯಂತೆ ಕಾಣುತ್ತಿತ್ತು. ಮಾಮಾ ಕೆಲಸದ ನಡುವೆ ಶಿಳ್ಳೆ ಹಾಕುವುದನ್ನು ನಾನು ಮೊದಲ ಸಲ ಕೇಳಿದೆ.

ಕೊನೆಯ ದಿನ: ಖಾಲಿ ಗೋಡೆ

ಊರಿನವರನ್ನು ಕರೆದು ಎಲ್ಲರ ಹಾಳೆಗಳನ್ನು ತೋರಿಸುವ ದಿನ. ಗೋಡೆಯ ನಡುವಿನ ಜಾಗವನ್ನು ತೆರೇಜಾ ಮಾಮಾನಿಗೆಂದೇ ಬಿಟ್ಟಿದ್ದರು. ಒಣಹಾಕಿದ್ದ ಹಾಳೆ ಮಾತ್ರ ಅಲ್ಲಿರಲಿಲ್ಲ.

ಹಾಳೆ ಕಿಟಕಿಯ ಬಳಿ, ಮಾಮಾನ ಮುಂದಿತ್ತು. ಸ್ಟೀಲಿನ ಪಟ್ಟಿ, ಬ್ಲೇಡು, ಅಂಚು ಸರಿಯಾಗಿ ಕತ್ತರಿಸಿದ ಒಂಬತ್ತು ತುಂಡು. ಮಾಮಾ ಕಾಗದ ಮಡಿಚಿ ಪುಟ್ಟ ಪುಟ್ಟ ಲಕೋಟೆ ಮಾಡಿ, ಒಂದೊಂದನ್ನೇ ಒಳಗೆ ಹಾಕುತ್ತಿದ್ದರು.

ತೆರೇಜಾ ಸಿಕ್ಕ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಏನಾತು ಬಾಯಾರಿಗೆ?" ಅಂದರು ಮಾಮಾ.

"ಹಾಳಿ ಯಾಕ ಕತ್ತರಿಸಿದ್ರಿ ಮಾಮಾ? ಒಂಬತ್ತೂ ಕೂಡಿ ಒಂದ ಚಿತ್ರ ಅದು."

"ಒಂದ ಹಾಳ್ಯಾಗ ಅಷ್ಟ ಮುಖ ಇದ್ರ ಕತ್ತರಿಸಾಕ ಅಲ್ಲದ ಮತ್ಯಾಕ? ಕತ್ತರಿಸದ ಗಿರಾಕಿ ಕೈಯಾಗ ಹ್ಯಾಂಗ ಕೊಡೂದು?"

ಒಂದೇ ಮುಖ ಒಂಬತ್ತು ಸಲ ಬಂದರೆ ಅದು ಒಂದು ಚಿತ್ರವೋ ಒಂಬತ್ತೋ ಎಂಬ ವಿಷಯದ ಮೇಲೆ ನಾನು ಅಲ್ಲೇ ಮಾಮಾನ ಪರವಾಗಿ ಮಾತಾಡಿದೆ. ಎಲ್ಲರ ಮನೆಗೂ ಹೋಗಲೆಂದು ಹುಟ್ಟಿದ ಶೈಲಿ ಇದು ಎಂದು ನೀವೇ ಹೇಳಿದ್ದಿರಿ, ಈಗ ಹೋಗುತ್ತಿದೆ, ತಪ್ಪೇನು? ಬಹಳ ಒಳ್ಳೆಯ ಭಾಷಣವಾಗಿತ್ತು, ಯಾರೂ ಕೇಳಲಿಲ್ಲ. ಎಲ್ಲರೂ ಮಾಮಾನ ಮುಂದೆ ಸಾಲು ನಿಂತಿದ್ದರು. ಮಾರೆಕ್ ಹಸಿರು ಮುಖವನ್ನು ಆರಿಸಿಕೊಂಡು, ಪಾಕೀಟಿನ ಪಾರದರ್ಶಕ ಕಿಸೆಯಲ್ಲಿ ಇಟ್ಟುಕೊಂಡ. "ಬಿಸಲಿಗೆ ಇಡಬ್ಯಾಡ್ರಿ, ಬಣ್ಣ ಹೋಗತೈತಿ," ಎಂದು ಮಾಮಾ ಒಬ್ಬೊಬ್ಬರಿಗೂ ಹೇಳಿದರು. ತೆರೇಜಾ ಎಲ್ಲರಿಗಿಂತ ಕೊನೆಗೆ ಎದ್ದುಬಂದು, ನಡುವಿನ ಅದಲುಬದಲು ಮುಖವನ್ನು ಇಸಿದುಕೊಂಡು, ಆ ಅಗಲವಾದ ಖಾಲಿ ಗೋಡೆಯ ನಡುವೆ ಒಂದು ಗುಂಡುಸೂಜಿಯಿಂದ ಚುಚ್ಚಿದರು.

ಒಂದು ಲಕೋಟೆ ಉಳಿಯಿತು. "ಅದನ್ನ ವಿದ್ಯಾಗ ಕೊಡ್ರಿ," ಅಂದೆ.

"ಆಕಿಗಿ ಯಾಕ? ಮನ್ಯಾಗ ನಾನ ಇರ್ತೇನಲ್ಲ," ಅಂದು ಮಾಮಾ ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡರು.

ಹೊಳೆಆಲೂರು ಸ್ಟೇಷನ್

ಮುಂಬೈಯಿಂದ ಬಂದ ರೈಲು ನಮ್ಮನ್ನು ಹೊಳೆಆಲೂರಿನಲ್ಲಿ ಇಳಿಸಿತು. ರೋಣಕ್ಕೆ ಇನ್ನು ಬಸ್ಸು. ಸ್ಟೇಷನ್ನಿನ ಚಹಾದವನು ಮಾಮಾನನ್ನು ದೂರದಿಂದಲೇ ಗುರುತು ಹಿಡಿದ.

"ಈರಪ್ಪಣ್ಣಾರ, ಹ್ಯಾಂಗಿತ್ತರಿ ಪರದೇಶ?"

"ಚಲೋ ಐತಿ. ಖಾರ ಇಲ್ಲ."

ಬೆಂಚಿನ ಮೇಲೆ ಕೂತೆವು. ನಾನು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡಿದ್ದೆ, ಶುರುಮಾಡಿದೆ. "ನಿಮ್ಮ ಮುಖ ಪೋಲೆಂಡಿಗೆ ಹೋತು, ಬ್ರೆಜಿಲ್ಲಿಗೆ ಹೋತು, ಒಂದು ಗ್ವಾಡಿ ಮ್ಯಾಲೂ ಕುಂತೈತಿ. ಗಜೇಂದ್ರಗಡಕ್ಕ ಹೋಗಾಕ ಏನ ತ್ರಾಸ ಮಾಮಾ?"

ಮಾಮಾ ಚಹಾ ಆರಿಸಿದರು. "ಅಲ್ಲಿ ಮಚ್ಚಿ ಅಂದ್ರ ಬಣ್ಣ, ಗಿರಿಜಾ. ಇಲ್ಲಿ ಮಚ್ಚಿ ಅಂದ್ರ ಮನೆತನ. ಆ ಮಾರೆಕ್ ನನ್ನ ಮುಖ ನೋಡಿ ನಿಮ್ಮ ವಂಶದಾಗ ಐತೇನು ಅಂತ ಕೇಳ್ತಾನೇನು?"

"ಬೀಗರು ಒಪ್ಯಾರಲ್ರೀ."

"ಬೀಗರು ಒಪ್ಯಾರ. ಬೀಗರ ಬೀಗರು? ಆಲ್ಬಮ್ ಮನಿ ಮನಿ ತಿರಗತೈತಿ. ನಾಳೆ ವಿದ್ಯಾಗ ಒಂದ ಕೂಸ ಹುಟ್ಟಿದ್ರ, ಅದರ ಮೈ ತಿರುವಿ ತಿರುವಿ ನೋಡ್ತಾರ. ನನ್ನ ಫೋಟೋ ಕೈಯಾಗ ಇಲ್ಲದಿದ್ರ ಅಷ್ಟ ನೋಡೂದಿಲ್ಲ. ನೀ ಢಾಲು ಗೆದ್ದಾಕಿ, ಇದಕ್ಕೇನ ಅಂತಿ ಅನ್ನು."

ಇದು ಸುಳ್ಳು ಎಂದು ಹೇಳಲು ಬರುವುದಿಲ್ಲ, ನೋಡುತ್ತಾರೆ. ಇದು ನಿಜವಾದದ್ದರಿಂದ ಮಾಮಾ ಮಾಡುವುದು ಸರಿ ಎಂದೂ ಹೇಳಲು ಬರುವುದಿಲ್ಲ, ಯಾಕೆಂದರೆ ಅತ್ತ ವಿದ್ಯಾ ಇದ್ದಾಳೆ. ಸ್ಪರ್ಧೆಯಲ್ಲಾದರೆ ಇಷ್ಟು ಹೊತ್ತಿಗೆ ಬೆಲ್ ಆಗಿ ಯಾರಾದರೂ ನನ್ನನ್ನು ಉಳಿಸುತ್ತಿದ್ದರು. ಬಸ್ಸು ಇನ್ನೂ ಬಂದಿರಲಿಲ್ಲ. ಮಾಮಾ ಖಾಲಿ ಲೋಟವನ್ನು ಬೆಂಚಿನ ಮೇಲಿಟ್ಟು ಹಳಿಯ ಕಡೆ ನೋಡುತ್ತಿದ್ದರು.

"ವಾದಾ ಮಾಡೂದಿಲ್ಲ ಮಾಮಾ, ಒಂದ ಕೇಳ್ತೇನಿ," ಅಂದೆ. "ಲಗ್ನದಾಗ ಅಕ್ಕಿಕಾಳ ಬೀಳೂ ಮುಂದ ವಿದ್ಯಾ ತಲಿ ಎತ್ತಿ ನಮ್ಮಪ್ಪ ಎಲ್ಲದಾನ ಅಂತ ನೋಡತಾಳ. ಆವಾಗ ಆಕಿಗಿ ನಿಮ್ಮ ಮುಖ ಕಾಣಬೇಕೋ, ಕ್ಯಾಮೆರಾ ಕಾಣಬೇಕೋ?"